ವಾಹನವನ್ನು ಹೊತ್ತ ಸವಾರರು

‘ವಾಹನ’ ಎಂದರೆ ಹೊತ್ತುಕೊಂಡು ಹೋಗುವುದು ಎಂದು ಅರ್ಥ. ಧಾತುವೇ ಹಾಗೆ ಹೇಳುತ್ತದೆ. ತರಗತಿಯಲ್ಲಿ ಈ ಮಾತನ್ನು ವಿವರಿಸುವಾಗ ಹಿಂದಿನ ಬೆಂಚಿನಿಂದ ಒಮ್ಮೆ ಒಬ್ಬ ಹುಡುಗ ಕೇಳಿದ: “ಸೈಕಲ್ಲು ಪಂಚರ್ ಆದರೆ ಯಾರು ಯಾರನ್ನು ಹೊರಬೇಕು, ಸಾರ್?” ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಸೈಕಲ್ಲು ತುಳಿದು ಶಾಲೆಗೆ ಹೋದವರಿಗೆ ಅದು ನಗುವ ಪ್ರಶ್ನೆಯಲ್ಲ. ಕೆಸರಿನಲ್ಲಿ ಚಕ್ರ ಹೂತುಹೋಗುತ್ತದೆ. ಹಳ್ಳ ದಾಟಲು ಅಡಕೆಮರದ ಸಂಕ ಬಿಟ್ಟರೆ ಬೇರೆ ದಾರಿಯಿಲ್ಲ. ಆಗ ವಾಹನವನ್ನು ಹೆಗಲಿಗೇರಿಸಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ದೇವರ ಮೇಲೆ ಭಾರ ಹಾಕಿ ಸಂಕ ದಾಟಬೇಕು.

ನಮಗೆ ಫಜೀತಿಯಾದ ಈ ಕೆಲಸವನ್ನೇ ಯೂರೋಪಿನವರು ನೂರಿಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಒಂದು ಆಟವಾಗಿ ಆಡಿಕೊಂಡು ಬಂದಿದ್ದಾರೆಂದರೆ ಆಶ್ಚರ್ಯವಾದೀತು. ಅದಕ್ಕೆ ‘ಸೈಕ್ಲೊಕ್ರಾಸ್’ ಎಂದು ಹೆಸರು. ಹೊಲ, ಕಾಡು, ಮರಳು, ಏರು, ಇಳಿಜಾರು ಇವನ್ನೆಲ್ಲ ಸೇರಿಸಿ ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತು ಹಾದಿಯನ್ನು ಮಾಡುತ್ತಾರೆ. ನಡುವೆ 40 ಸೆಂಟಿಮೀಟರು ಎತ್ತರದ ಹಲಗೆಗಳನ್ನು ಅಡ್ಡ ನಿಲ್ಲಿಸುತ್ತಾರೆ. ಸವಾರನು ಹೋಗುವ ವೇಗದಲ್ಲೇ ಕೆಳಗೆ ಧುಮುಕಿ, ಸೈಕಲ್ಲನ್ನೆತ್ತಿ ಹಲಗೆ ದಾಟಿ, ಮತ್ತೆ ಹಾರಿ ಕುಳಿತು ಸಾಗಬೇಕು. ಏರು ಕಡಿದಾಗಿದ್ದರೆ ಹೆಗಲ ಮೇಲೆ ಹೊತ್ತು ಓಡಬೇಕು. ದೂರಕ್ಕೆ ಲೆಕ್ಕವಿಲ್ಲ, ಕಾಲಕ್ಕೆ ಲೆಕ್ಕ. ನುರಿತವರಿಗೆ ಸುಮಾರು ಒಂದು ಗಂಟೆ, ಹವ್ಯಾಸಿಗಳಿಗೆ ಇನ್ನೂ ಕಡಿಮೆ. ಮೊದಲ ಒಂದೆರಡು ಸುತ್ತಿಗೆ ಹಿಡಿದ ಹೊತ್ತನ್ನು ನೋಡಿ ಇನ್ನೆಷ್ಟು ಸುತ್ತು ಉಳಿಯಿತೆಂದು ಫಲಕದಲ್ಲಿ ತೋರಿಸುತ್ತಾರೆ. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ.

ಈ ಆಟ ಹುಟ್ಟಿದ ಬಗೆಯೇ ಸ್ವಾರಸ್ಯವಾದದ್ದು. ಡಾಂಬರು ರಸ್ತೆಯ ಪಂದ್ಯಗಳು ಅಲ್ಲಿ ವಸಂತದಲ್ಲಿ ತೊಡಗಿ ಶರತ್ಕಾಲದ ಹೊತ್ತಿಗೆ ಮುಗಿಯುತ್ತವೆ. ನಮ್ಮ ಕವಿಗಳಿಗೆ ಶರದೃತುವೆಂದರೆ ಮೋಡ ಚದುರಿ, ನೀರು ತಿಳಿಯಾಗಿ, ದಾರಿಯ ಕೆಸರು ಆರಿ, ಅರಸರು ದಂಡಯಾತ್ರೆಗೆ ಹೊರಡುವ ಕಾಲ. ಫ್ರಾನ್ಸು ಬೆಲ್ಜಿಯಮ್‌ಗಳಲ್ಲಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಎಲೆಗಳು ಉದುರುತ್ತವೆ, ಜಡಿಮಳೆ ಹಿಡಿಯುತ್ತದೆ, ಹಗಲು ಕುಗ್ಗುತ್ತದೆ, ಕೆಸರು ಆಗತಾನೆ ಆರಂಭವಾಗುತ್ತದೆ. ಬೇಸಗೆಯೆಲ್ಲ ತುಳಿದು ಗಟ್ಟಿಯಾದ ಕಾಲು ಮುಂದಿನ ವಸಂತದವರೆಗೆ ಸುಮ್ಮನಿದ್ದರೆ ಗತಿಯೇನು? ಈ ಖಾಲಿ ತಿಂಗಳುಗಳ ಪ್ರಶ್ನೆಗೆ ಸಿಕ್ಕ ಉತ್ತರವೇ ಸೈಕ್ಲೊಕ್ರಾಸ್.

ಸವಾರರು ಒಂದೂರಿನಿಂದ ಇನ್ನೊಂದೂರಿಗೆ ಹೊಲ ಬೇಲಿಗಳನ್ನು ದಾಟಿ, ದೂರದ ಚರ್ಚಿನ ಗೋಪುರವನ್ನೇ ಗುರಿಯಾಗಿಟ್ಟುಕೊಂಡು ಪಂದ್ಯ ಕಟ್ಟಿ ಹೋಗುತ್ತಿದ್ದರೆಂದು ಅಲ್ಲಿಯ ಹಳಬರು ಹೇಳುವ ಕಥೆಯುಂಟು. ಅದಕ್ಕೊಂದು ರೂಪ ಕೊಟ್ಟವನೆಂದು ಹೆಸರಾದವನು ದಾನಿಯೆಲ್ ಗೂಸೋ ಎಂಬ ಫ್ರೆಂಚ್ ಸೈನಿಕ. ದೊಡ್ಡ ಅಧಿಕಾರಿಯಲ್ಲ, ಸಾಮಾನ್ಯ ಸಿಪಾಯಿ. ಕುದುರೆಯೇರಿ ಕಾಡಿಗೆ ಹೋಗುವ ಗೆಳೆಯರ ಜೊತೆಯಲ್ಲಿ ತಾನು ಸೈಕಲ್ಲು ತುಳಿಯುತ್ತಿದ್ದನಂತೆ. ಕುದುರೆ ನುಗ್ಗುವಲ್ಲಿ ಸೈಕಲ್ಲು ನುಗ್ಗದು, ಇಳಿದು ಎತ್ತಿಕೊಂಡು ಓಡಲೇಬೇಕು. ಆ ಓಟದಲ್ಲಿ ಅವನಿಗೆ ರುಚಿ ಹತ್ತಿತು. 1902ರಲ್ಲಿ ಅವನ ಉತ್ಸಾಹದಿಂದ ಫ್ರಾನ್ಸಿನ ಮೊದಲ ರಾಷ್ಟ್ರೀಯ ಸೈಕ್ಲೊಕ್ರಾಸ್ ಪಂದ್ಯ ನಡೆಯಿತು. ಫೆರ್ನಾಂ ದ ಬೇದೆರ್ ಎಂಬಾತ ಅದನ್ನು ಗೆದ್ದ. ಮರುವರ್ಷ, 1903ರಲ್ಲಿ, ‘ಟೂರ್ ದ ಫ್ರಾನ್ಸ್’ ಎಂಬ ಜಗದ್ವಿಖ್ಯಾತ ಪಂದ್ಯ ಆರಂಭವಾಯಿತು. ಅದರ ಯೋಚನೆ ಮೊದಲು ಹೊಳೆದದ್ದು ಜೆಯೋ ಲೆಫೆವ್ರ್ ಎಂಬ ಪತ್ರಕರ್ತನಿಗೆ. ಆತನೇ ಕೆಸರಿನ ಈ ಆಟಕ್ಕೂ ಎಳವೆಯಲ್ಲಿ ಆಸರೆಯಾಗಿದ್ದವನು. ಹೀಗೆ ಅಕ್ಕತಂಗಿಯರಂತೆ ಎರಡು ಪಂದ್ಯಗಳು ಒಂದೇ ಕಾಲದಲ್ಲಿ ಬೆಳೆದವು. ಅಕ್ಕ ಬೇಸಗೆಯವಳು, ಹಣ ಹೆಸರು ಉಳ್ಳವಳು. ತಂಗಿ ಚಳಿಗಾಲದವಳು, ಮೈತುಂಬ ಕೆಸರಿನವಳು.

ತಂಗಿಯಿಂದ ಅಕ್ಕನಿಗೆ ಏನು ಉಪಕಾರವಾಯಿತೆಂಬುದಕ್ಕೆ ಒಕ್ತಾವ್ ಲಾಪೀಜ್ ಎಂಬ ತರುಣನ ಜೀವನವೇ ಸಾಕ್ಷಿ. ಆತ 1907ರಲ್ಲಿ, ಇನ್ನೂ ಇಪ್ಪತ್ತು ತುಂಬದಿದ್ದಾಗ, ಫ್ರಾನ್ಸಿನ ಸೈಕ್ಲೊಕ್ರಾಸ್ ಪ್ರಶಸ್ತಿಯನ್ನು ಗೆದ್ದ. 1910ರ ಟೂರ್ ದ ಫ್ರಾನ್ಸ್‌ನಲ್ಲಿ ಪಂದ್ಯವನ್ನು ಮೊಟ್ಟಮೊದಲು ಪಿರೆನೀಸ್ ಪರ್ವತಗಳ ಮೇಲೆ ಹಾಯಿಸಿದರು. ಜುಲೈ 21ರಂದು ಒಂದೇ ದಿನ 326 ಕಿಲೋಮೀಟರು. ನಡುವೆ ಸಮುದ್ರಮಟ್ಟದಿಂದ 2,115 ಮೀಟರು ಎತ್ತರದ ತೂರ್ಮಲೇ ಕಣಿವೆಮಾರ್ಗ. ರಸ್ತೆಯೆಂಬುದು ಹೆಸರಿಗೆ ಮಾತ್ರ. ಈಗಿನಂತೆ ಗೇರುಗಳಿಲ್ಲದ ಭಾರದ ಸೈಕಲ್ಲು. ಲಾಪೀಜ್ ಒಂದಷ್ಟು ದೂರ ತುಳಿದ, ಒಂದಷ್ಟು ದೂರ ಇಳಿದು ತಳ್ಳಿಕೊಂಡು ನಡೆದ, ಮತ್ತೆ ತುಳಿದ. ತೂರ್ಮಲೇ ನೆತ್ತಿಯನ್ನು ಎಲ್ಲರಿಗಿಂತ ಮೊದಲು ದಾಟಿದವನು ಅವನೇ. ಮುಂದಿನ ಏರಿನಲ್ಲಿ ಪಂದ್ಯದ ವ್ಯವಸ್ಥಾಪಕರನ್ನು ಕಂಡು, ನೀವು ಕೊಲೆಗಡುಕರು ಎಂದು ಅವನು ಕೂಗಿದ್ದು ಅಲ್ಲಿ ಮನೆಮಾತಾಗಿದೆ. ಕೂಗಿದನೇ ಹೊರತು ಪಂದ್ಯ ಬಿಡಲಿಲ್ಲ. ಆ ದಿನವನ್ನೂ ಗೆದ್ದ, ಆ ವರ್ಷದ ಟೂರನ್ನೂ ಗೆದ್ದ. ತನ್ನ ಗೆಲುವಿಗೆ ಚಳಿಗಾಲದ ಸೈಕ್ಲೊಕ್ರಾಸ್ ಅಭ್ಯಾಸವೇ ಕಾರಣವೆಂದು ಆತ ಹೇಳಿಕೊಂಡ ಮೇಲೆ ಈ ಆಟದ ಹೆಸರು ಗಡಿ ದಾಟಿತು. ಬೆಲ್ಜಿಯಮ್ 1910ರಲ್ಲಿ, ಸ್ವಿಟ್ಜರ್ಲೆಂಡ್ 1912ರಲ್ಲಿ ತಮ್ಮ ತಮ್ಮ ರಾಷ್ಟ್ರೀಯ ಪಂದ್ಯಗಳನ್ನು ಆರಂಭಿಸಿದವು. ಲಾಪೀಜ್‌ನ ಆಯುಸ್ಸು ಮಾತ್ರ ಚಿಕ್ಕದು. ಮೊದಲ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿ ಹೋರಾಡುತ್ತ 1917ರ ಜುಲೈ 14ರಂದು ಮಡಿದ. ಆಗ ಅವನಿಗೆ 29 ವರ್ಷ.

ಜಾಗತಿಕ ಪ್ರಶಸ್ತಿ ಬರಲು ಎರಡನೆಯ ಮಹಾಯುದ್ಧವೂ ಕಳೆಯಬೇಕಾಯಿತು. 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ವಿಶ್ವಪಂದ್ಯವನ್ನು ಝಾಂ ರೊಬಿಕ್ ಗೆದ್ದ. 1947ರ ಟೂರನ್ನು ಕೊನೆಯ ದಿನ ಕಸಿದುಕೊಂಡ ಗಿಡ್ಡ ಆಳು ಅವನು. ಆಮೇಲೆ ಆಂದ್ರೆ ದ್ಯೂಫ್ರೆಸ್ 1954ರಿಂದ 1958ರವರೆಗೆ ಐದು ಸಲ ಎಡೆಬಿಡದೆ ಗೆದ್ದ. ಬೆಲ್ಜಿಯಮ್ಮಿನ ಎರಿಕ್ ಡಿ ವ್ಲಾಮಿಂಕ್ 1966ರಿಂದ 1973ರೊಳಗೆ ಏಳು ಸಲ ಗೆದ್ದ. ಆ ಏಳರ ಲೆಕ್ಕವನ್ನು ಪುರುಷರಲ್ಲಿ ಮತ್ತೊಬ್ಬನು ಮುಟ್ಟಲು 2025ರವರೆಗೆ ಕಾಯಬೇಕಾಯಿತು. ಮುಟ್ಟಿದವನು ಹಾಲೆಂಡಿನ ಮಾಥ್ಯೂ ವಾನ್ ಡರ್ ಪೂಲ್. ಸ್ತ್ರೀಯರಿಗೆ ವಿಶ್ವಪಂದ್ಯದ ಬಾಗಿಲು ತೆರೆದದ್ದು ಐವತ್ತು ವರ್ಷಗಳ ಮೇಲೆ, 2000ದಲ್ಲಿ. ಅಂದು ಗೆದ್ದವಳು ಜರ್ಮನಿಯ ಹಂಕಾ ಕುಪ್ಫರ್ನಾಗೆಲ್.

ಇದಿಷ್ಟು ಗೆದ್ದವರ ಚರಿತ್ರೆ. ಆದರೆ ಈ ಆಟವನ್ನು ಬದುಕಿಸಿಕೊಂಡು ಬಂದವರು ಇವರಷ್ಟೇ ಅಲ್ಲ. 1967ರಲ್ಲಿ ವಿಶ್ವಪಂದ್ಯವನ್ನು ಎರಡಾಗಿ ಒಡೆದರು. ಸೈಕಲ್ಲಿನಿಂದಲೇ ಜೀವನ ನಡೆಸುವವರಿಗೆ ಒಂದು, ಹವ್ಯಾಸಿಗಳಿಗೆ ಇನ್ನೊಂದು. ಮೊದಲ ಹವ್ಯಾಸಿ ಪ್ರಶಸ್ತಿ ಫ್ರಾನ್ಸಿನ ಮಿಶೆಲ್ ಪೆಲ್ಷಾನಿಗೆ ಸಂದಿತು. ಬೆಲ್ಜಿಯಮ್ಮಿನ ರೊಬೆರ್ ವೆರ್ಮೆಯ್ರ ಅದನ್ನು ಐದು ಸಲ ಗೆದ್ದ. 1993ರ ತರುವಾಯ ಹವ್ಯಾಸಿಗಳ ವಿಭಾಗವನ್ನು ತೆಗೆದುಹಾಕಿ ಎಲ್ಲರನ್ನೂ ಒಂದೇ ಪಂದ್ಯಕ್ಕೆ ಸೇರಿಸಿದರು. 1996ರಿಂದ 23 ವರ್ಷದೊಳಗಿನವರಿಗೆ ಬೇರೆ ಪಂದ್ಯ ಬಂತು. ತರುಣರಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ದಿನವೆಲ್ಲ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ದುಡಿದು ಸಂಜೆ ಅಭ್ಯಾಸ ಮಾಡುವ ಮೂವತ್ತರ ಗೃಹಸ್ಥನಿಗೆ, ಹವ್ಯಾಸಿಯೆಂಬ ಹೆಸರಿನಲ್ಲೇ ಜಗತ್ತಿನ ಎದುರು ನಿಲ್ಲುವ ಆ ಸ್ಥಾನ ಇಲ್ಲವಾಯಿತು. ‘ಅಮೆಚೂರ್’ ಎಂಬ ಮಾತು ಫ್ರೆಂಚಿನಿಂದ ಬಂದದ್ದು. ಪ್ರೀತಿಸುವವನು ಎಂಬುದೇ ಅದರ ಮೂಲಾರ್ಥ. ಪ್ರೀತಿಸುವವನಿಗೆ ಫಲಕದಲ್ಲಿ ಹೆಸರಿಲ್ಲವಾದರೆ ಅವನು ಆಟ ಬಿಡುತ್ತಾನೆಯೇ?

ಬಿಡಲಿಲ್ಲ. ಆತನ ಶರತ್ಕಾಲವನ್ನು ಕೊಂಚ ನೋಡಬೇಕು. ಸೆಪ್ಟೆಂಬರಿನಲ್ಲಿ ಆರಂಭವಾಗುವ ಪಂದ್ಯಗಳು ವಾರವಾರವೂ ನಡೆದು ಚಳಿಗಾಲದ ನಡುವಿನವರೆಗೆ ಹೋಗುತ್ತವೆ. ವಾರದ ದಿನಗಳಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಕತ್ತಲೆ. ಆದ್ದರಿಂದ ಒಂದು ಸಂಜೆ ದೀಪ ಕಟ್ಟಿಕೊಂಡು ತುಳಿಯುವುದು, ಒಂದು ಸಂಜೆ ಓಡುವುದು, ಇನ್ನೊಂದು ದಿನ ಹುಲ್ಲುಬಯಲಿನಲ್ಲಿ ಇಳಿಯುವ ಹತ್ತುವ ಪಾಠ. ಈ ಪಾಠಕ್ಕೂ ವ್ಯಾಕರಣವುಂಟು. ಚೈನು ಬಲಕ್ಕಿರುವುದರಿಂದ ಇಳಿಯುವುದು ಎಡಕ್ಕೆ. ಬಲಗಾಲನ್ನು ಸೀಟಿನ ಹಿಂದಿನಿಂದ ಬೀಸಿ ತಂದು, ವೇಗ ಕುಗ್ಗಿಸದೆ ನೆಲಕ್ಕಿಳಿಯಬೇಕು. ಬಲಗೈಯಿಂದ ಕೆಳಗಿನ ಕಂಬಿಯನ್ನು ಹಿಡಿದೆತ್ತಿ, ಮೇಲಿನ ಕಂಬಿಯನ್ನು ಬಲಹೆಗಲಿಗೆ ತೂಗುಹಾಕಬೇಕು. ಮತ್ತೆ ಹತ್ತುವಾಗ ನೆಗೆದು ತೊಡೆಯ ಒಳಬದಿಯ ಮೇಲೆ ಜಾರಿ ಕೂರಬೇಕು. ಅವಸರಪಟ್ಟು ನೇರವಾಗಿ ಸೀಟಿನ ಮೇಲೆ ಬಿದ್ದವನು ಮರುದಿನ ಕುರ್ಚಿಯ ಮೇಲೆ ಕೂರುವಾಗ ಪಾಠವನ್ನು ನೆನಸಿಕೊಳ್ಳುತ್ತಾನೆ. ಕೆಸರು ಹೆಚ್ಚಿದ್ದ ದಿನ ಟೈರಿನ ಗಾಳಿಯನ್ನು ಇಳಿಸಬೇಕು, ಆಗಲೇ ಅದು ನೆಲವನ್ನು ಕಚ್ಚುವುದು. ದೊಡ್ಡ ಪಂದ್ಯಗಳಲ್ಲಿ ಟೈರಿನ ಅಗಲ 33 ಮಿಲಿಮೀಟರನ್ನು ಮೀರಕೂಡದೆಂಬ ನಿಯಮವೂ ಉಂಟು.

ಚಳಿಯಲ್ಲಿ ಇದೆಂಥ ಹುಚ್ಚು ಎಂದು ವಾಚಕರು ಕೇಳಬಹುದು. ಹುಚ್ಚಿನಲ್ಲೂ ಒಂದು ಯುಕ್ತಿಯಿದೆ. ಡಾಂಬರಿನ ಮೇಲೆ ಗಂಟೆಗಟ್ಟಲೆ ವೇಗವಾಗಿ ಹೋದರೆ ಚಳಿಗಾಳಿ ಮೈ ಕೊರೆಯುತ್ತದೆ, ಪಾದಗಳು ಮರಗಟ್ಟುತ್ತವೆ. ಕಾಡಿನ ಹಾದಿಯಲ್ಲಿ ವೇಗ ಕಡಿಮೆ, ಶ್ರಮ ಹೆಚ್ಚು. ಆಗಾಗ ಇಳಿದು ಓಡುವುದರಿಂದ ಕಾಲಿಗೆ ನೆತ್ತರು ಹರಿದು ಬೆಚ್ಚಗಾಗುತ್ತದೆ. ಜಾರುವ ನೆಲದಲ್ಲಿ ಸೈಕಲ್ಲನ್ನು ಹದ್ದಿನಲ್ಲಿಡುವ ಕೌಶಲ ಬೇರೆಲ್ಲೂ ಹೀಗೆ ಸಿಗದು. ಇರುವ ಸ್ವಲ್ಪ ಬೆಳಕಿನಲ್ಲಿ ಒಂದು ಗಂಟೆಯ ಅಭ್ಯಾಸ ಅರ್ಧ ದಿನದ ಸವಾರಿಯ ಕೆಲಸ ಮಾಡುತ್ತದೆ. ಪುರುಸೊತ್ತಿಲ್ಲದ ಹವ್ಯಾಸಿಗೆ ಹೇಳಿ ಮಾಡಿಸಿದ ಆಟ.

ಇನ್ನೊಂದು ಗುಣವುಂಟು. ಹಾದಿ ಸುತ್ತಾದ್ದರಿಂದ ಸ್ವಲ್ಪ ಹೊತ್ತಿನಲ್ಲೇ ಮುಂದಿನವರು ಹಿಂದಿನವರನ್ನು ಬಂದು ಕೂಡುತ್ತಾರೆ. ಯಾರು ಮೊದಲು, ಯಾರು ಕೊನೆ ಎಂಬುದು ನೋಡುವವರಿಗೆ ತಿಳಿಯುವುದೇ ಕಷ್ಟ. ದೊಡ್ಡ ಪಂದ್ಯಗಳಲ್ಲಿ ಹಿಂದೆ ಬಿದ್ದವರನ್ನು ನಿಲ್ಲಿಸಿಬಿಡುವರು. ಊರ ಪಂದ್ಯಗಳಲ್ಲಿ ಹಾಗಲ್ಲ, ಒಂದೆರಡು ಸುತ್ತು ಕಡಿಮೆಯಾದರೂ ಗುರಿ ಮುಟ್ಟಿಸುತ್ತಾರೆ. 40 ದಾಟಿದವರಿಗೆ, 50 ದಾಟಿದವರಿಗೆ ಬೇರೆ ವರ್ಗಗಳುಂಟು. ಐವತ್ತು ದಾಟಿದ ನನಗೆ ಈ ನಿಯಮವನ್ನು ಓದಿದಾಗ ಮನಸ್ಸಿಗೆ ಹಿತವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಹವ್ಯಾಸಿಯ ಹಟಕ್ಕೆ ಕೊನೆಯದಾಗಿ ಒಂದು ನಿದರ್ಶನ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಇಂಗಲ್‌ಬರೋ, ವೆರ್ನ್‌ಸೈಡ್, ಪೆನಿಗೆಂಟ್ ಎಂಬ ಮೂರು ಬೆಟ್ಟಗಳಿವೆ. ಎತ್ತರ 700 ಮೀಟರಿನ ಆಸುಪಾಸು. 1959ರಲ್ಲಿ 14 ವರ್ಷದ ಶಾಲಾಬಾಲಕನೊಬ್ಬ ಈ ಮೂರನ್ನೂ ಒಂದೇ ದಿನದಲ್ಲಿ, ಏಳು ಗಂಟೆಗೆ ತುಸು ಕಡಿಮೆ ಅವಧಿಯಲ್ಲಿ, ಸೈಕಲ್ಲಿನೊಡನೆ ಹತ್ತಿಳಿದ. ಅದರಿಂದ ಪ್ರೇರಣೆ ಪಡೆದು 1961ರಲ್ಲಿ ಪಂದ್ಯವೊಂದು ಏರ್ಪಟ್ಟಿತು. ಗೆದ್ದವನು ಜಾನ್ ರಾನ್ಸ್ಲಿ. ಗೆದ್ದು ಮನೆಗೆ ಹೋಗಿ ಕೂರದೆ, ಸುಮಾರು ಅರ್ಧ ಶತಮಾನ ಆ ಪಂದ್ಯವನ್ನು ತಾನೇ ನಡೆಸಿದ, ನಲವತ್ತಕ್ಕೂ ಹೆಚ್ಚು ಬಾರಿ ತಾನೂ ಅದನ್ನು ಓಡಿ ಮುಗಿಸಿದ. 2012ರಲ್ಲಿ ಅದರ 50ನೆಯ ಪಂದ್ಯ ನಡೆಯಿತು. ಅಷ್ಟರಲ್ಲಿ ಹಾದಿ 61 ಕಿಲೋಮೀಟರಿಗೆ ಬೆಳೆದಿತ್ತು, ಏರುಗಳಲ್ಲಿ ಬಹು ದೂರ ಸೈಕಲ್ಲನ್ನು ಹೊತ್ತೇ ನಡೆಯಬೇಕು. ಆ ಹಾದಿಯಲ್ಲಿ ಬೆವರು ಸುರಿಸಿದ ನೂರಾರು ಜನರು ಗೆಲ್ಲುವ ಆಸೆಯಿಂದ ಹೋದವರಲ್ಲ.

ಹೀಗೆ ಈ ಆಟ ಒಬ್ಬ ಸಿಪಾಯಿಯ ಬಿಡುವಿನಲ್ಲಿ ಹುಟ್ಟಿತು, ಒಬ್ಬ ಶಾಲಾಹುಡುಗನ ಸಾಹಸದಿಂದ ಬೆಟ್ಟವೇರಿತು. ಪ್ರಶಸ್ತಿಗಳು ಬಂದವು, ಒಡೆದವು, ಒಂದಾದವು. ಬರಿದಾದ ಋತುವನ್ನು ಬರಿದಾಗಿ ಬಿಡಲೊಲ್ಲದವರು ಮಾತ್ರ ಪ್ರತಿ ಶರತ್ಕಾಲದಲ್ಲೂ ಕೆಸರಿಗೆ ಇಳಿಯುತ್ತಲೇ ಬಂದರು. ನಮ್ಮ ನಿಮ್ಮೆಲ್ಲರ ಬಾಳಿನಲ್ಲೂ ಅಂಥ ಋತುಗಳು ಬರುತ್ತವೆ. ಆಗ ಕೆಲಸ ಕೈಬಿಟ್ಟು ವಸಂತಕ್ಕಾಗಿ ಕಾಯುವವನಿಗಿಂತ, ಇಳಿದು ಹೊತ್ತು ನಾಲ್ಕು ಹೆಜ್ಜೆ ಓಡುವವನು ಮುಂದೆ ಹೋಗುತ್ತಾನೆ. ಹಿಂದಿನ ಬೆಂಚಿನ ಹುಡುಗನಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡಬಲ್ಲೆ: ದಾರಿ ಇರುವಷ್ಟು ದೂರ ಅದು ನಿನ್ನನ್ನು ಹೊರಲಿ, ದಾರಿ ಮುಗಿದಲ್ಲಿ ನೀನು ಅದನ್ನು ಹೊರು. ಇಬ್ಬರೂ ಊರು ಸೇರುವಿರಿ.