ತೋಟಾದ ಅಂಕೆ ಹೇಳುವ ಚರಿತ್ರೆ

ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲ ಇಕ್ಕೆಲಗಳಲ್ಲಿ ಸಳನು ಹುಲಿಯನ್ನು ಹೊಯ್ಯುತ್ತಿರುವ ಶಿಲ್ಪವಿದೆ. ಮೃಗಕ್ಕೂ ಮನುಷ್ಯನಿಗೂ ನಡುವೆ ಅಲ್ಲಿರುವುದು ಒಂದು ತೋಳಿನಳತೆಯ ಅಂತರ. ಅದೇ ಗುಡಿಯ ಗೋಡೆಯ ಮೇಲೆ ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುತ್ತಿದ್ದಾನೆ. ಅಲ್ಲಿ ಗುರಿ ದೂರದ್ದು, ತೋಳಿನ ಬಲಕ್ಕಿಂತ ಕಣ್ಣಿನ ಲೆಕ್ಕ ದೊಡ್ಡದು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠಾಪಿಸಿದ ಈ ಗುಡಿಯಲ್ಲಿ ಆಯುಧವಿದ್ಯೆಯ ಎರಡು ತುದಿಗಳೂ ನಮಗೆ ಕಾಣಸಿಗುತ್ತವೆ.

ಕೋವಿ ಬಂದ ಮೇಲೂ ಹತ್ತಿರದ ಹೊಡೆತ, ದೂರದ ಹೊಡೆತ ಎಂಬ ಭೇದ ಅಳಿಯಲಿಲ್ಲ. ಅದು ತೋಟಾದ ಆಯ್ಕೆಯ ಪ್ರಶ್ನೆಯಾಗಿ ಉಳಿಯಿತು. ಒಂದನ್ನೊಂದು ಬಹುವಾಗಿ ಹೋಲುವ ತೋಟಾಗಳಲ್ಲಿ ಯಾವುದು ಮೇಲು ಎಂಬುದು ಬೇಟೆಗಾರರ ಹರಟೆಯ ವಸ್ತುವೆಂದು ತೋರಬಹುದು. ಆದರೆ ನಮ್ಮ ದೇಶದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಿದ್ದು ಬಹುಮಟ್ಟಿಗೆ ಬೇಟೆಗಾರನೂ ಅಲ್ಲ, ವಿಜ್ಞಾನಿಯೂ ಅಲ್ಲ, ಸರ್ಕಾರ. ಆದ್ದರಿಂದಲೇ ಅದು ಚರಿತ್ರೆಯ ವಿಷಯ.

ಮೊದಲು ನೆಲದ ಮಾತು. ಬೇಲೂರು ಮಲೆನಾಡಿನ ಸೆರಗು. ಹಳೇಬೀಡನ್ನು ದಾಟಿ ಅರಸೀಕೆರೆಯ ಕಡೆಗೆ ಸಾಗಿದಂತೆ ಮಳೆ ತಗ್ಗುತ್ತದೆ, ಮರಗಳು ವಿರಳವಾಗುತ್ತವೆ, ಬಂಡೆಗುಡ್ಡಗಳೂ ಕುರುಚಲು ಕಾಡೂ ಕಾಣಿಸಿಕೊಳ್ಳುತ್ತವೆ. ಒಂದೆಡೆ ಮೂವತ್ತು ಗಜದಾಚೆ ಕಣ್ಣು ಹಾಯದು. ಇನ್ನೊಂದೆಡೆ ಗುಡ್ಡದ ತಲೆಯಲ್ಲಿ ನಿಂತರೆ ಮೈದಾನವೆಲ್ಲ ಕಣ್ಣ ಮುಂದೆ. ಒಂದೇ ತೋಟಾ ಇವೆರಡಕ್ಕೂ ಸಲ್ಲದು. ದಟ್ಟ ಕಾಡಿಗೆ ಬೇಕಾದುದು ಮೊಂಡುಮೂತಿಯ ಭಾರದ ಗುಂಡು. ಬಯಲಿಗೆ ಬೇಕಾದುದು ವೇಗವಾಗಿ ಹೋಗುವ ಚೂಪು ಗುಂಡು.

ಬೆಂಗಳೂರಿನ ಕೆನೆತ್ ಆಂಡರ್ಸನ್ ೧೯೫೭ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಅರಸೀಕೆರೆಯ ಪೂರ್ವದ ಗುಡ್ಡಗಳಲ್ಲಿ ಹಲವರನ್ನು ಕೊಂದ ಕರಡಿಯೊಂದರ ವೃತ್ತಾಂತವಿದೆ. ಬೇಲೂರಿಗೆ ನೆರೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಿಂದಾಗಿ ಆಂಡರ್ಸನ್ ಕನ್ನಡ ಓದುಗರಿಗೆ ಮನೆಯವನಾದ. ಆತ ನೆಚ್ಚಿದ್ದು ಅಮೆರಿಕದ ವಿಂಚೆಸ್ಟರ್ ಕಂಪನಿ ೧೯೦೪ರಲ್ಲಿ ಹೊರತಂದ ೪೦೫ ಬೋರಿನ ತೋಟಾವನ್ನು. ಕೋವಿಯ ಬೋರನ್ನು ಅಂಗುಲದ ಸಾವಿರದ ಪಾಲುಗಳಲ್ಲಿ ಹೇಳುವುದು ವಾಡಿಕೆ; ೪೦೫ ಎಂದರೆ ಅಂಗುಲದ ಸಾವಿರ ಪಾಲಿನಲ್ಲಿ ೪೦೫. ಸುಮಾರು ೧೯ ಗ್ರಾಂ ತೂಕದ ಆ ಗುಂಡು ಹತ್ತಿರದಲ್ಲಿ ಭಯಂಕರ. ದೂರ ಹೋದಂತೆ ಬೇಗನೆ ನೆಲದ ಕಡೆಗೆ ಬಾಗುತ್ತದೆ. ಬಂಡೆ ಪೊದೆಗಳ ನಡುವಿನ ಕರಡಿಗೆ ಅದು ತಕ್ಕ ಆಯ್ಕೆ.

ಆದರೆ ಇಂತಹ ಆಯ್ಕೆ ಎಲ್ಲರ ಕೈಯಲ್ಲಿತ್ತೇ? ಬ್ರಿಟಿಷ್ ಇಂಡಿಯಾದಲ್ಲಿ ೧೮೭೮ರ ಶಸ್ತ್ರ ಕಾಯಿದೆ ಭಾರತೀಯರಿಗೆ ಕೋವಿ ಇರಿಸಿಕೊಳ್ಳಲು ಪರವಾನಗಿ ಬೇಕೆಂದಿತು. ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆದರೂ ಸರ್ಕಾರದ ಅಂಜಿಕೆ ತೀರಲಿಲ್ಲ. ಲಂಡನ್ನಿನ ರಿಗ್ಬಿ ಕಂಪನಿ ೧೮೯೮ರಲ್ಲಿ ೪೫೦ ಬೋರಿನ ಹೊಸ ಬೇಟೆತೋಟಾವನ್ನು ತಂದಿತ್ತು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳ ಬೋರೂ ೪೫೦. ಬೇಟೆತೋಟಾದ ಗುಂಡು ದಂಗೆಕೋರರ ಮಾರ್ಟಿನಿಗಳಿಗೆ ಒದಗೀತು ಎಂಬ ಶಂಕೆಯಿಂದ ೧೯೦೭ರಲ್ಲಿ ಇಂಡಿಯಾಕ್ಕೆ ೪೫೦ ಬೋರಿನ ಆಮದು ನಿಂತಿತು.

ಮುಂದೆ ನಡೆದುದು ಸ್ವಾರಸ್ಯಕರ. ಇಂಗ್ಲೆಂಡಿನ ಕೋವಿ ತಯಾರಕರು ಇಂಡಿಯಾದ ಗಿರಾಕಿಗಳನ್ನು ಬಿಡಲಾರದೆ ೪೬೫, ೪೭೦, ೪೭೫, ೪೭೬ ಬೋರುಗಳ ತೋಟಾಗಳನ್ನು ಮಾರುಕಟ್ಟೆಗೆ ತಂದರು. ೪೬೫ ಹಾಲಂಡ್ ಅಂಡ್ ಹಾಲಂಡರದು, ೪೭೦ ಜೋಸೆಫ್ ಲ್ಯಾಂಗನದು, ೪೭೬ ವೆಸ್ಟ್ಲಿ ರಿಚರ್ಡ್ಸರದು. ಗುಂಡಿನ ತೂಕ ಕ್ರಮವಾಗಿ ಸುಮಾರು ೩೧, ೩೨ ಮತ್ತು ೩೪ ಗ್ರಾಂ. ವೇಗ ಎಲ್ಲಕ್ಕೂ ಸೆಕೆಂಡಿಗೆ ೨,೧೦೦ ಅಡಿಯ ಆಸುಪಾಸು. ಆನೆಗಾಗಲಿ ಕಾಟಿಗಾಗಲಿ ಇವುಗಳ ನಡುವಣ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಬೇಟೆಗಾರರು ಮಾತ್ರ ಇವುಗಳ ಗುಣಾವಗುಣಗಳನ್ನು ಕುರಿತು ತಲೆಮಾರುಗಟ್ಟಲೆ ವಾದಿಸಿದರು. ಆ ವಾದದ ಮೂಲ ಕಾಡಿನಲ್ಲಿರಲಿಲ್ಲ, ಸರ್ಕಾರದ ಕಡತದಲ್ಲಿತ್ತು.

ದೊರೆಗಳು ಹೋದರು, ಕಡತದ ತರ್ಕ ಉಳಿಯಿತು. ೧೯೫೯ರ ಶಸ್ತ್ರ ಕಾಯಿದೆ ೧೯೬೨ರಲ್ಲಿ ಜಾರಿಗೆ ಬಂದಿತು. ಸೇನೆ, ಪೊಲೀಸರ ಬೋರು ಖಾಸಗಿಯವರಿಗೆ ನಿಷಿದ್ಧ ಎಂಬುದು ಅದರ ಅಡಿಯ ನೀತಿ. ‘ತ್ರೀ ನಾಟ್ ತ್ರೀ’ ಎಂದು ಹಳ್ಳಿಯವರೂ ಬಲ್ಲ ೩೦೩ ಹೀಗೆ ನಿಷಿದ್ಧ. ಅದರ ಬದಲಿಗೆ ಸರ್ಕಾರಿ ಕಾರ್ಖಾನೆಗಳು ೩೧೫ ಬೋರಿನ ರೈಫಲನ್ನು ಕೊಟ್ಟವು. ಕೋವಿಯ ಮೈಕಟ್ಟು ಸೇನೆಯ ಲೀ-ಎನ್‌ಫೀಲ್ಡಿನದೇ. ತೋಟಾ ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಸೇನೆ ಬಳಸುತ್ತಿದ್ದ ಮಾದರಿಯದು.

ಬೋರಿನ ವ್ಯತ್ಯಾಸ ಅಂಗುಲದ ಸಾವಿರದಲ್ಲಿ ಹನ್ನೆರಡು ಪಾಲು. ದೂರದ ಗುರಿಯಲ್ಲಿ ಆಗುವ ವ್ಯತ್ಯಾಸವನ್ನು ಕೇಳುಗರೇ ಲೆಕ್ಕ ಹಾಕಬಹುದು. ಸೇನೆಯ ೩೦೩ರ ಚೂಪು ಗುಂಡು ಹೊರಡುವಾಗಿನ ವೇಗ ಸೆಕೆಂಡಿಗೆ ೨,೪೪೦ ಅಡಿ. ೩೧೫ರ ಭಾರವಾದ ಗುಂಡಿನದು ಸುಮಾರು ೨,೦೦೦ ಅಡಿ. ಮುನ್ನೂರು ಗಜ ಎಂದರೆ ೯೦೦ ಅಡಿ. ಗಾಳಿಯ ತಡೆಯನ್ನು ಬಿಟ್ಟರೂ, ಅಷ್ಟು ದೂರ ಹೋಗುವುದರೊಳಗೆ ಮೊದಲನೆಯದು ಎರಡು ಅಡಿಗಿಂತ ತುಸು ಹೆಚ್ಚು ಬೀಳುತ್ತದೆ. ಎರಡನೆಯದು ಮೂರೂಕಾಲು ಅಡಿ. ಗಾಳಿಯ ತಡೆಯನ್ನು ಸೇರಿಸಿದರೆ ಅಂತರ ಇನ್ನೂ ಹಿರಿದು. ಪರವಾನಗಿದಾರನಿಗೆ ದಕ್ಕಿದ್ದು ದೂರಕ್ಕೆ ಸಲ್ಲದ ತೋಟಾ.

ಅದಕ್ಕಿಂತ ವಿಚಿತ್ರವಾದುದು ಅಮೆರಿಕದ ಸೇನೆ ೧೯೦೬ರಲ್ಲಿ ಸ್ವೀಕರಿಸಿದ ‘ಥರ್ಟಿ-ನಾಟ್-ಸಿಕ್ಸ್’ ತೋಟಾದ ಕಥೆ. ಅದರ ಗುಂಡಿನ ವ್ಯಾಸವೂ ಇಂದಿನ ಸೇನೆಗಳ ೭.೬೨ ಮಿಲಿಮೀಟರ್ ನೇಟೋ ತೋಟಾದ ಗುಂಡಿನ ವ್ಯಾಸವೂ ಒಂದೇ. ಹಿತ್ತಾಳೆಯ ಕೋಶ ಒಂದರಲ್ಲಿ ೬೩ ಮಿಲಿಮೀಟರ್ ಉದ್ದ, ಇನ್ನೊಂದರಲ್ಲಿ ೫೧. ದೂರದ ಗುರಿಗೆ ಎರಡೂ ಸರಿಸುಮಾರು ಸಮ. ಆದರೂ ನಮ್ಮಲ್ಲಿ ಉದ್ದನೆಯದಕ್ಕೆ ಪರವಾನಗಿ ಸಿಗುತ್ತದೆ, ಗಿಡ್ಡನೆಯದು ನಿಷಿದ್ಧ. ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವುದನ್ನು ಜೀವಮಾನವಿಡೀ ಪಾಠ ಹೇಳಿದ ನನಗೆ ಈ ನಿಯಮ ಅಪರಿಚಿತವೆನಿಸುವುದಿಲ್ಲ.

ಸರ್ಕಾರದ ಅಂಜಿಕೆಯೆಲ್ಲ ಅರ್ಥಹೀನವೆಂದು ನಾನು ಹೇಳುವುದಿಲ್ಲ. ಸೇನೆಯ ತೋಟಾ ಕದ್ದು ಹೊರಬಂದರೆ ಅದು ಸೇರುವ ಕೋವಿ ಊರಿನಲ್ಲಿರಬಾರದು ಎಂಬುದು ವಿವೇಕವೇ. ಆದರೆ ಈ ವಿವೇಕದ ಹೊರೆಯನ್ನು ಎಲ್ಲರೂ ಸಮನಾಗಿ ಹೊರಲಿಲ್ಲ ಎಂಬುದನ್ನು ಮರೆಯಲಾಗದು. ೪೫೦ ಹೋದರೆ ಸಾಹೇಬನಿಗೆ ೪೭೦ ಬಂದಿತು. ಬೇಲೂರು ಸೀಮೆಯಲ್ಲಿ ಹಂದಿಯಿಂದ ಗದ್ದೆ ಕಾಯುತ್ತಿದ್ದ ರೈತನ ಕೈಯಲ್ಲಿ ಇದ್ದುದು ಕೇಪಿನ ಕೋವಿ. ಅದರ ಈಡು ಗದ್ದೆಯ ಬದುವನ್ನು ದಾಟುವುದೇ ಹೆಚ್ಚು. ತೋಟಾಗಳ ತಾರತಮ್ಯ ಅವನ ಮನೆಯ ಮಾತಾಗಿರಲೇ ಇಲ್ಲ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಬೇಟೆಯ ಯುಗ ಮುಗಿಯಿತು. ಅರಸೀಕೆರೆಯ ಕರಡಿಗೆ ಈಗ ಕಾನೂನಿನ ರಕ್ಷೆಯಿದೆ. ದೂರದ ಗುರಿ ಉಳಿದಿರುವುದು ಅಭ್ಯಾಸದ ಮೈದಾನದ ಕಾಗದದ ಮೇಲೆ. ಆದರೆ ತೋಟಾದ ತಳದಲ್ಲಿ ಒತ್ತಿದ ಅಂಕೆ ಹಾಗೆಯೇ ಇದೆ. ಕನ್ನಡದಲ್ಲಿ ಶಾಸನವೆಂದರೆ ಕಲ್ಲಿನ ಬರಹವೂ ಹೌದು, ಆಳುವವರ ಕಟ್ಟಳೆಯೂ ಹೌದು. ಹಳೇಬೀಡಿನ ಕಲ್ಲುಗಳನ್ನು ಓದಿದಷ್ಟೇ ಗಮನವಿಟ್ಟು ಈ ಹಿತ್ತಾಳೆಯ ಶಾಸನವನ್ನೂ ಓದಿದರೆ, ಆಳುವವರು ಯಾರಿಗೆ ಅಂಜಿದರು, ಯಾರನ್ನು ನಂಬಿದರು ಎಂಬುದು ತಿಳಿಯುತ್ತದೆ.