ಹತ್ತಿಯ ಬೀಜ ಮತ್ತು ವರ್ಣತಂತುಗಳ ವಿನಿಮಯ

ನಮ್ಮ ಆದವಾನಿ ಸೀಮೆಯು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆಡಳಿತ ಬದಲಾಯಿತು, ಎರೆಭೂಮಿಯಾಗಲಿ ಹತ್ತಿಯ ಬೇಸಾಯವಾಗಲಿ ಬದಲಾಗಲಿಲ್ಲ. ಆದುದರಿಂದ ಜೀವಶಾಸ್ತ್ರದ ಒಂದು ಮುಖ್ಯ ಪಾಠದ ಇತಿಹಾಸವನ್ನು ಹತ್ತಿಯ ಮೂಲಕವೇ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಪರಾಗ ಮತ್ತು ಅಂಡಕಣಗಳು ರೂಪುಗೊಳ್ಳುವ ಮಿಯಾಸಿಸ್ ವಿಭಜನೆಯಲ್ಲಿ, ತಾಯಿಯಿಂದ ಬಂದ ವರ್ಣತಂತುವೂ ತಂದೆಯಿಂದ ಬಂದ ವರ್ಣತಂತುವೂ ಜೋಡಿಯಾಗಿ ನಿಂತು, ಸಮಾನ ಸ್ಥಾನಗಳಲ್ಲಿ ತುಂಡಾಗಿ, ಆ ತುಂಡುಗಳನ್ನು ಪರಸ್ಪರ ಬದಲಿಸಿಕೊಳ್ಳುತ್ತವೆ. 1909ರಲ್ಲಿ ಬೆಲ್ಜಿಯಂನ ಜಾನ್ಸೆನ್ಸ್ ಅವು ಒಂದನ್ನೊಂದು ದಾಟುವ ಬಿಂದುಗಳನ್ನು ಗುರುತಿಸಿ ಇದನ್ನು ಊಹಿಸಿದರು. 1911ರಲ್ಲಿ ಅಮೆರಿಕದ ಮಾರ್ಗನ್ ಹಣ್ಣುನೊಣಗಳ ಆನುವಂಶಿಕತೆಯನ್ನು ಈ ವಿನಿಮಯದಿಂದ ವಿವರಿಸಿದರು. 1931ರಲ್ಲಿ ಕ್ರೈಟನ್ ಮತ್ತು ಮೆಕ್‌ಕ್ಲಿಂಟಾಕ್ ಎಂಬ ಇಬ್ಬರು ಮಹಿಳೆಯರು ಮೆಕ್ಕೆಜೋಳದಲ್ಲಿ ಅದನ್ನು ಸೂಕ್ಷ್ಮದರ್ಶಕದಡಿ ಕಣ್ಣಾರೆ ತೋರಿಸಿದರು.

ಈ ಜ್ಞಾನದ ಅರ್ಥ ನಮ್ಮ ಹೊಲಗಳಿಗೆ ತಿಳಿದದ್ದು ಸಂಕರ ಹತ್ತಿಯೊಡನೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ‘ಲಕ್ಷ್ಮಿ’ ತಳಿಯನ್ನು ಬೇರೆ ಜಾತಿಯ ಎಸ್.ಬಿ. 289 ಇ ತಳಿಯೊಡನೆ ಕೂಡಿಸಿ ‘ವರಲಕ್ಷ್ಮಿ’ಯನ್ನು ನೀಡಿದರು. ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಕೈಯಿಂದ ಸವರಿ ಅದರ ಬೀಜವನ್ನು ಪಡೆಯಬೇಕು. ಉದ್ದ ಎಳೆಯ ಈ ಹತ್ತಿ ಕರ್ನಾಟಕದಿಂದ ಆಂಧ್ರಕ್ಕೂ ಹರಡಿತು.

ಅಂದಿನವರೆಗೆ ಹಿರಿಯರು ಬೆಳೆಯಿಂದಲೇ ಮುಂದಿನ ವರ್ಷದ ಬಿತ್ತನೆ ಬೀಜವನ್ನು ಎತ್ತಿಡುತ್ತಿದ್ದರು. ಸಂಕರ ಹತ್ತಿಯಲ್ಲಿ ಆ ಪದ್ಧತಿ ನಡೆಯದು. ಅದರ ಗಿಡದಲ್ಲಿರುವುದು 26 ಜೋಡಿ ವರ್ಣತಂತುಗಳು. ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಪರಾಗಕ್ಕೆ ಹೋಗುವುದರಿಂದಲೇ 6.7 ಕೋಟಿಗೂ ಮಿಕ್ಕ ಬಗೆಯ ಜೋಡಣೆಗಳು ಸಾಧ್ಯ. ತುಂಡುಗಳ ವಿನಿಮಯವೂ ಸೇರಿದರೆ ಲೆಕ್ಕವೇ ಸಿಗದು. ಹೀಗಾಗಿ ಎತ್ತಿಟ್ಟ ಬೀಜದಿಂದ ಮೂಲ ಗುಣ ಮರಳದು. ಒಂದು ಗಿಡ ಎತ್ತರ, ಒಂದು ಗಿಡ್ಡ. ಎಳೆಯೂ ಇಳುವರಿಯೂ ಬೇರೆಬೇರೆ. ಪ್ರತಿ ಮುಂಗಾರಿನಲ್ಲಿ ಬೀಜವನ್ನು ಕೊಳ್ಳಬೇಕಾಯಿತು. ಬೀಜದ ಖರ್ಚು ಸಾಲದ ಲೆಕ್ಕಕ್ಕೂ ಸೇರಿತು.

ಆದರೆ ಇದೇ ವಿನಿಮಯವು ತಳಿವಿಜ್ಞಾನಿಗಳ ಬಂಡವಾಳವೂ ಹೌದು. ಬೆರೆತ ಸಂತತಿಯಿಂದ ಒಳ್ಳೆಯ ಗಿಡಗಳನ್ನು ಹಲವು ತಲೆಮಾರು ಆರಿಸುತ್ತ ಹೋದರೆ ಗುಣ ಸ್ಥಿರವಾದ ಹೊಸ ತಳಿ ದೊರೆಯುತ್ತದೆ. ಅದರ ಬೀಜವನ್ನು ರೈತನು ಮತ್ತೆ ಎತ್ತಿಡಬಹುದು. ಸಂಕರ ಬೀಜ ಯಾವುದು, ಸ್ಥಿರ ತಳಿ ಯಾವುದು ಎಂಬ ವ್ಯತ್ಯಾಸವನ್ನು ಬಲ್ಲವನಿಗೆ ಅಂಗಡಿಯ ಮುಂದೆ ನಿಂತು ಪ್ರಶ್ನಿಸುವ ಧೈರ್ಯವಿರುತ್ತದೆ. ಆ ತಿಳಿವಳಿಕೆ ಮಕ್ಕಳಿಗೆ ತಾಯ್ನುಡಿಯಲ್ಲೇ ದೊರೆಯಬೇಕೆಂಬುದು ನಮ್ಮ ಆಶಯ.