ಮಟಮಟ ಮಧ್ಯಾಹ್ನದ ಪಿಶಾಚಿ

ಹೊತ್ತು ನೆತ್ತಿಗೇರುತ್ತಿದೆ. ಬೆಳಗಿನಿಂದ ಬಾಯಿಗೆ ತುತ್ತು ಬಿದ್ದಿಲ್ಲ. ದಿನದ ಒಂದೇ ಊಟಕ್ಕೆ ಮಧ್ಯಾಹ್ನ ಮೂರು ಗಂಟೆಯಾಗಬೇಕು. ಅಲ್ಲಿಯವರೆಗೆ ಕೈಯಲ್ಲಿ ಕೆಲಸ, ನಾಲಗೆಯ ಮೇಲೆ ಕೀರ್ತನೆ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ. ಎದ್ದು ಹೊರಬಂದು ಸೂರ್ಯ ಎಷ್ಟು ಸರಿದಿದ್ದಾನೆಂದು ಅಳೆಯುತ್ತಾನೆ. ಸರಿದೇ ಇಲ್ಲ! ದಿನಕ್ಕೆ ಐವತ್ತು ಗಂಟೆಗಳಿರಬೇಕು. ನೆರೆಯ ಕೋಣೆಗಳಿಂದ ಯಾರಾದರೂ ಬರುತ್ತಾರೋ ಎಂದು ಕತ್ತು ಚಾಚುತ್ತಾನೆ. ಯಾರೂ ಇಲ್ಲ. ಆಗ ಆಲೋಚನೆಗಳು ಒಂದರ ಹಿಂದೊಂದು ಒಳಗೆ ನುಸುಳುತ್ತವೆ. ಇಲ್ಲಿ ಯಾರಿಗೂ ಯಾರ ಮೇಲೂ ಪ್ರೀತಿ ಇಲ್ಲ. ಈ ಕಸುಬಿನಲ್ಲಿ ಹೊಟ್ಟೆ ತುಂಬದು. ಬೇರೆ ಊರಿಗೆ ಹೋದರೆ ಬದುಕು ಸಲೀಸು. ದೇವರು ಈ ಮರಳಿನಲ್ಲಿ ಮಾತ್ರ ಇದ್ದಾನೆಯೇ, ಎಲ್ಲಿ ಬೇಕಾದರೂ ಪ್ರಾರ್ಥಿಸಬಹುದಲ್ಲ? ಬಿಟ್ಟು ಬಂದ ಮನೆಮಂದಿಯ ನೆನಪು. ಮುಂದೆ ಕಾದಿರುವ ದೀರ್ಘ ಮುಪ್ಪು.

ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ ಕುಳಿತು ಈ ಸ್ಥಿತಿಯನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟಾತ ಇವಾಗ್ರಿಯಸ್. ಆತ ಇದನ್ನು ‘ಅಕೇಡಿಯಾ’ ಎಂದ. ಸೋಮಾರಿತನ, ಬೇಸರ, ನಿರಾಸೆ ಎಲ್ಲವೂ ಇದರಲ್ಲಿ ಸೇರಿವೆ. ಯಾವುದೂ ಒಂಟಿಯಾಗಿ ಇದರ ಅರ್ಥವಲ್ಲ. ಬೈಬಲಿನ ಕೀರ್ತನೆಯೊಂದರ ಗ್ರೀಕ್ ಅನುವಾದದಲ್ಲಿ ಬರುವ ಮಧ್ಯಾಹ್ನದ ಪಿಶಾಚಿ ಇದೇ ಎಂದು ಆತ ಗುರುತಿಸಿದ. ಮಟಮಟ ಮಧ್ಯಾಹ್ನ ದೆವ್ವ ತಿರುಗುವ ಹೊತ್ತು ಎಂದು ಮಕ್ಕಳನ್ನು ಹೆದರಿಸುವ ನಮ್ಮ ಹಳ್ಳಿಗಳ ಅಜ್ಜಿಯರಿಗೆ ಈ ಮಾತು ವಿಚಿತ್ರವಾಗಿ ತೋರಲಾರದು.

ಇವಾಗ್ರಿಯಸ್ ಹುಟ್ಟು ಸನ್ಯಾಸಿಯಲ್ಲ. ಕ್ರಿ.ಶ. 345ರ ಸುಮಾರಿಗೆ ಕಪ್ಪು ಸಮುದ್ರದ ದಕ್ಷಿಣಕ್ಕಿರುವ, ಇಂದಿನ ಟರ್ಕಿಗೆ ಸೇರಿದ ಪಾಂಟಸ್ ಪ್ರಾಂತದಲ್ಲಿ ಜನನ. ಆ ಕಾಲದ ಇಬ್ಬರು ದೊಡ್ಡ ಧರ್ಮಪಂಡಿತರಾದ ಬೆಸಿಲ್ ಮತ್ತು ನಾಜಿಯಾಂಜಸಿನ ಗ್ರೆಗೊರಿ ಅವನ ಹಿರಿಯರು. ಗ್ರೆಗೊರಿ ಅವನಿಗೆ ಉಪಯಾಜಕ ದೀಕ್ಷೆ ಕೊಟ್ಟ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಧರ್ಮಸಭೆ ಸೇರಿದಾಗ ಇವಾಗ್ರಿಯಸ್ ರಾಜಧಾನಿಯಲ್ಲಿ ವಾದಪಟುವೆಂದು ಹೆಸರಾಗಿದ್ದ. ಮೂವತ್ತೈದರ ಆಸುಪಾಸಿನ ವಯಸ್ಸು, ಒಳ್ಳೆಯ ಮಾತುಗಾರಿಕೆ, ಒಳ್ಳೆಯ ಉಡುಪು. ಆಗಲೇ ಎಡವಟ್ಟಾಯಿತು. ದೊಡ್ಡ ಮನೆತನದ ವಿವಾಹಿತೆಯೊಬ್ಬಳ ಮೇಲೆ ಮನಸ್ಸು ಹೋಯಿತು. ಅವಳಿಗೂ ಅವನ ಮೇಲೆ.

ಮುಂದಿನದನ್ನು ಅವನ ಶಿಷ್ಯ ಪಲ್ಲಾಡಿಯಸ್ ಬರೆದಿದ್ದಾನೆ. ಇವಾಗ್ರಿಯಸ್‌ಗೆ ಒಂದು ಕನಸು ಬಿತ್ತು. ಕೈಗೆ, ಕೊರಳಿಗೆ ಸಂಕೋಲೆ ಹಾಕಿ ಸೆರೆಮನೆಯಲ್ಲಿ ನಿಲ್ಲಿಸಿದ್ದಾರೆ. ಗೆಳೆಯನ ವೇಷದಲ್ಲಿ ಬಂದ ದೇವದೂತನೊಬ್ಬ ಊರು ಬಿಡುವುದಾಗಿ ಆಣೆ ಮಾಡಿಸಿಕೊಂಡ. ಎಚ್ಚರವಾದ ಮೇಲೆ, ಕನಸಿನಲ್ಲಿ ಇಟ್ಟರೂ ಆಣೆ ಆಣೆಯೇ ಎಂದು ಇವಾಗ್ರಿಯಸ್ ಸಾಮಾನು ಕಟ್ಟಿ ಹಡಗು ಹತ್ತಿದ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಸಾಮಾನ್ಯ ಸಂತನೊಬ್ಬನ ಕಥೆಯಾಗುತ್ತಿತ್ತು. ಆದರೆ ಜೆರುಸಲೇಮ್ ತಲುಪಿದ ಮೇಲೆ ಇವಾಗ್ರಿಯಸ್ ಮತ್ತೆ ಜಾರಿದ. ಹಳೆಯ ಉಡುಪು, ಹಳೆಯ ಗತ್ತು ಮರಳಿದವು. ಜ್ವರ ಹಿಡಿದು ಆರು ತಿಂಗಳು ಹಾಸಿಗೆ ಬಿಡಲಿಲ್ಲ. ವೈದ್ಯರಿಗೆ ಕಾರಣ ತಿಳಿಯಲಿಲ್ಲ. ಆಲಿವ್ ಗುಡ್ಡದಲ್ಲಿ ಮಠ ಕಟ್ಟಿಸಿದ್ದ ಮೆಲಾನಿಯಾ ಎಂಬ ರೋಮನ್ ಶ್ರೀಮಂತೆಗೆ ಮಾತ್ರ ತಿಳಿಯಿತು. ಇದು ಬರೀ ಮೈಯ ಕಾಯಿಲೆಯಲ್ಲ, ಮನಸ್ಸಿನಲ್ಲಿರುವುದನ್ನು ಹೇಳು ಎಂದು ಅವಳು ಒತ್ತಾಯಿಸಿದಾಗ ಎಲ್ಲವನ್ನೂ ತೋಡಿಕೊಂಡ. ಕೆಲವೇ ದಿನಗಳಲ್ಲಿ ಎದ್ದು ಕುಳಿತ. 383ರ ಸುಮಾರಿಗೆ ಈಜಿಪ್ಟಿಗೆ ಹೊರಟ.

ನೈಲ್ ನದಿಯ ಮುಖಜಭೂಮಿಯ ಪಶ್ಚಿಮ ಅಂಚಿನಲ್ಲಿ ನಿಟ್ರಿಯಾ ಎಂಬ ಸನ್ಯಾಸಿಗಳ ನೆಲೆಯಿತ್ತು. ಅಲ್ಲಿ ಎರಡು ವರ್ಷ ಪಳಗಿ, ಇನ್ನೂ ಒಳಗಿನ ಮರಳುಗಾಡಿನ ಕೆಲ್ಲಿಯಾಕ್ಕೆ ಹೋದ. ಹೆಸರಿನ ಅರ್ಥವೇ ಕೋಣೆಗಳು. ಪುಸ್ತಕಗಳ ನಕಲು ಮಾಡಿ ಹೊಟ್ಟೆ ಹೊರೆದುಕೊಳ್ಳುತ್ತ ಹದಿನಾಲ್ಕು ವರ್ಷ ಅಲ್ಲಿದ್ದ. ಕಾಮ ಕಾಡಿದ ಚಳಿಗಾಲದ ಒಂದು ರಾತ್ರಿ ಬಾವಿಯಲ್ಲಿ ಬರಿಮೈಯಲ್ಲಿ ನಿಂತು ಬೆಳಗು ಮಾಡಿದನಂತೆ. ಇಂಥ ಸಾಹಸಗಳು ಆ ಮರುಭೂಮಿಗೆ ಹೊಸತಲ್ಲ. ಹೊಸತಾಗಿದ್ದುದು ಅವನ ಬರಹ.

ಮರುಭೂಮಿಯ ಆದಿಪುರುಷ ಸಂತ ಅಂತೋಣಿ ತೀರಿಕೊಂಡದ್ದು 356ರಲ್ಲಿ. ಅವನ ಜೀವನಚರಿತ್ರೆ ಬರೆದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಒಂದು ಪ್ರಸಂಗ ಹೇಳುತ್ತಾನೆ. ಗೋರಿಯೊಂದರಲ್ಲಿ ವಾಸವಾಗಿದ್ದ ಅಂತೋಣಿಯನ್ನು ಪಿಶಾಚಿಗಳು ಬಡಿದು ಹಣ್ಣು ಮಾಡುತ್ತವೆ. ಕೊನೆಗೆ ಬೆಳಕು ಇಳಿದುಬರುತ್ತದೆ. ಇಷ್ಟು ಹೊತ್ತು ಎಲ್ಲಿದ್ದೆ, ಮೊದಲೇ ಏಕೆ ಬರಲಿಲ್ಲ ಎಂದು ಅಂತೋಣಿ ದೇವರನ್ನೇ ಪ್ರಶ್ನಿಸುತ್ತಾನೆ. ಇಲ್ಲೇ ಇದ್ದೆ, ನಿನ್ನ ಹೋರಾಟ ನೋಡಲು ಕಾದಿದ್ದೆ ಎಂಬ ಉತ್ತರ ಬರುತ್ತದೆ. ಸಂದೇಹಪಟ್ಟನೆಂದು ಅಂತೋಣಿಗೆ ಶಿಕ್ಷೆಯಾಗಲಿಲ್ಲ ಎಂಬುದು ಗಮನಾರ್ಹ. ಆದರೆ ಎಲ್ಲರಿಗೂ ಹೀಗೆ ಉತ್ತರ ಸಿಗುವುದಿಲ್ಲ. 2007ರಲ್ಲಿ ಪ್ರಕಟವಾದ ಮದರ್ ತೆರೇಸಾ ಅವರ ಪತ್ರಗಳಲ್ಲಿ, ದೇವರು ತಮ್ಮೊಳಗೆ ಇಲ್ಲವೇ ಇಲ್ಲವೆನಿಸಿದ ದಶಕಗಳ ಕತ್ತಲೆಯ ಮಾತಿದೆ. ಆ ಕತ್ತಲೆಯಲ್ಲೇ ಅವರು ಕೋಲ್ಕತ್ತದ ಬೀದಿಗಳಲ್ಲಿ ಕೆಲಸ ಮಾಡಿದರು. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಉತ್ತರ ಬಾರದ ಆ ದಿನಗಳಲ್ಲಿ ಏನು ಮಾಡಬೇಕು? ಇವಾಗ್ರಿಯಸ್ ಕೈಹಾಕಿದ್ದು ಈ ಪ್ರಶ್ನೆಗೆ. ನೂರು ಪುಟ್ಟ ಅಧ್ಯಾಯಗಳ ‘ಪ್ರಾಕ್ಟಿಕೋಸ್’ ಕೃತಿಯಲ್ಲಿ ಮನುಷ್ಯನನ್ನು ಕಾಡುವ ಎಂಟು ಆಲೋಚನೆಗಳನ್ನು ಹೆಸರಿಸಿದ: ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಅಕೇಡಿಯಾ, ಕೀರ್ತಿಯ ಹಂಬಲ, ಅಹಂಕಾರ. ನಮ್ಮ ಅರಿಷಡ್ವರ್ಗ ಬಲ್ಲವರಿಗೆ ಇದರಲ್ಲಿ ಅರ್ಧ ಪರಿಚಿತ. ದುಃಖ ಮತ್ತು ಅಕೇಡಿಯಾ ನಮ್ಮ ಪಟ್ಟಿಯಲ್ಲಿಲ್ಲ.

ಅವನು ಇವುಗಳನ್ನು ಪಾಪ ಎನ್ನಲಿಲ್ಲ, ಆಲೋಚನೆ ಎಂದ ಎಂಬುದನ್ನು ಮರೆಯಬಾರದು. ಇವು ಬರುವುದು, ಬಾರದಿರುವುದು ನಮ್ಮ ಕೈಯಲ್ಲಿಲ್ಲ; ಬಂದದ್ದನ್ನು ಕೂರಿಸಿ ಉಪಚರಿಸುವುದು, ಬಿಡುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ನಿಲುವು. ಮನಸ್ಸಿನಲ್ಲಿ ಕೆಟ್ಟದ್ದೊಂದು ಸುಳಿಯಿತೆಂದು, ದೇವರು ಇದ್ದಾನೆಯೇ ಎಂಬ ಸಂಶಯ ಮೂಡಿತೆಂದು ತಾನು ಆಗಲೇ ಕೆಟ್ಟೆನೆಂದು ಕುಗ್ಗುವ ಭಕ್ತನಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಇರಲಾರದು. ಕನ್ನಡ ಕ್ರೈಸ್ತರು ಪ್ರಲೋಭನೆಗೆ ಬಳಸುವ ‘ಶೋಧನೆ’ ಎಂಬ ಪದದಲ್ಲೂ ಈ ಧ್ವನಿ ಇದೆ. ಬೈಬಲಿನ ಮೂಲ ಗ್ರೀಕ್ ಪದಕ್ಕೂ ಪ್ರಲೋಭನೆ, ಪರೀಕ್ಷೆ ಎಂಬ ಎರಡೂ ಅರ್ಥಗಳಿವೆ. ಶೋಧನೆಗೆ ಒಳಗಾದವನು ಅಪರಾಧಿಯಲ್ಲ. ಯೇಸುವೂ ನಲವತ್ತು ದಿನ ಅಡವಿಯಲ್ಲಿ ಅದಕ್ಕೆ ಒಳಗಾದವನೇ.

ಯೇಸು ಸೈತಾನನಿಗೆ ಧರ್ಮಗ್ರಂಥದ ಮಾತುಗಳಿಂದಲೇ ಉತ್ತರ ಕೊಟ್ಟದ್ದನ್ನು ಮಾದರಿಯಾಗಿ ಇಟ್ಟುಕೊಂಡು ಇವಾಗ್ರಿಯಸ್ ಇನ್ನೊಂದು ಪುಸ್ತಕ ಬರೆದ. ಎಂಟು ಆಲೋಚನೆಗಳಿಗೆ ಎಂಟು ಭಾಗ. ಇಂಥ ಯೋಚನೆ ಬಂದರೆ ಇಂಥ ವಚನವನ್ನು ಎದುರು ಹೇಳು ಎಂಬ, ಐನೂರರಷ್ಟು ಉತ್ತರಗಳ ಕೈಪಿಡಿ. ಅದಕ್ಕಿಂತ ಕುತೂಹಲಕರವಾದದ್ದು ಅವನು ಸೂಚಿಸಿದ ಗಮನಿಸುವ ಕ್ರಮ. ಯಾವ ಆಲೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ, ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಕಾದು ನೋಡಬೇಕು. ರೋಗಲಕ್ಷಣ ಬರೆದುಕೊಳ್ಳುವ ವೈದ್ಯನ ರೀತಿ ಇದು. ಮಧ್ಯಾಹ್ನದ ಪಿಶಾಚಿಗೆ ಅವನ ಮದ್ದು ಸರಳ: ಕೋಣೆ ಬಿಟ್ಟು ಹೊರಡಬೇಡ. ಅಳು ಬಂದರೆ ಅಳು. ಮನಸ್ಸನ್ನು ಎರಡು ಮಾಡಿಕೊಂಡು ಒಂದು ಪಾಲು ಇನ್ನೊಂದನ್ನು ಸಂತೈಸಲಿ. ಕೀರ್ತಿಯ ಹಂಬಲದ ಬಗ್ಗೆ ಮಾತ್ರ ಅವನಿಗೂ ಭರವಸೆ ಕಡಿಮೆ. ಅದನ್ನು ಸೋಲಿಸಲು ಮಾಡುವ ಪ್ರಯತ್ನವೇ ಹೊಸ ಹೆಮ್ಮೆಗೆ ಕಾರಣವಾಗುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಅಲೆಕ್ಸಾಂಡ್ರಿಯಾದ ಬಿಷಪ್ ಥಿಯೋಫಿಲಸ್ ತನ್ನನ್ನೂ ಬಿಷಪ್ ಮಾಡಲು ಮುಂದಾದಾಗ ಇವಾಗ್ರಿಯಸ್ ತಪ್ಪಿಸಿಕೊಂಡು ಓಡಿದನೆಂದು ಚರಿತ್ರಕಾರ ಸಾಕ್ರಟೀಸ್ ದಾಖಲಿಸಿದ್ದಾನೆ. (ಇವನು ಐದನೆಯ ಶತಮಾನದವನು, ವಿಷ ಕುಡಿದ ಸಾಕ್ರಟೀಸ್ ಅಲ್ಲ.)

399ರಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಇವಾಗ್ರಿಯಸ್ ತೀರಿಕೊಂಡ. ಒಂದು ರೀತಿಯಲ್ಲಿ ಅದು ಅದೃಷ್ಟವೇ. ಮರುವರ್ಷವೇ ಅದೇ ಥಿಯೋಫಿಲಸ್, ಒರಿಜೆನ್ ಎಂಬ ಮೂರನೆಯ ಶತಮಾನದ ಪಂಡಿತನ ಅನುಯಾಯಿಗಳೆಂದು ಅವನ ಸಂಗಡಿಗರನ್ನು ಮರುಭೂಮಿಯಿಂದ ಓಡಿಸಿದ. ಆತ್ಮಗಳು ದೇಹಕ್ಕೆ ಮೊದಲೇ ಇದ್ದವೆಂಬಂಥ ಆ ಪಂಥದ ವಿಚಾರಗಳು 553ರ ಕಾನ್‌ಸ್ಟಾಂಟಿನೋಪಲ್ ಧರ್ಮಸಭೆಯ ಕಾಲಕ್ಕೆ ಖಂಡನೆಗೊಳಗಾದವು. ಶೋಧನೆ ಎದುರಿಸುವ ದಾರಿ ತೋರಿದವನೇ ಪಾಷಂಡಿ ಎನಿಸಿಕೊಂಡ.

ಹೆಸರು ಅಳಿದರೂ ಪುಸ್ತಕ ಉಳಿಯಿತು. ಪ್ರಾರ್ಥನೆಯ ಬಗ್ಗೆ ಅವನು ಬರೆದ ಕೃತಿಯನ್ನು ಸಂತ ನೀಲಸ್‌ನ ಹೆಸರಿನಲ್ಲಿ ಜನ ಶತಮಾನಗಳ ಕಾಲ ಭಕ್ತಿಯಿಂದ ಓದಿದರು. ಗ್ರೀಕ್ ಮೂಲ ಕಳೆದುಹೋದ ಕೆಲವು ಗ್ರಂಥಗಳು ಸಿರಿಯಾಕ್ ಅನುವಾದದಲ್ಲಿ ಉಳಿದವು. ಕೇರಳದ ಸಿರಿಯನ್ ಕ್ರೈಸ್ತರ ಸಾಂಪ್ರದಾಯಿಕ ಆರಾಧನೆಯ ಭಾಷೆ ಇದೇ. ಪಶ್ಚಿಮಕ್ಕೆ ಎಂಟರ ಪಟ್ಟಿಯನ್ನು ಒಯ್ದವನು ಜಾನ್ ಕ್ಯಾಸಿಯನ್. ಗುರುವಿನ ಹೆಸರನ್ನು ಎಲ್ಲೂ ಎತ್ತದೆ ಆತ ಲ್ಯಾಟಿನ್‌ನಲ್ಲಿ ಬರೆದ. ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಅದನ್ನು ತಿದ್ದಿದ. ಅಹಂಕಾರವನ್ನು ಎಲ್ಲಕ್ಕೂ ಬೇರು ಮಾಡಿ ಹೊರಗಿಟ್ಟ, ಅಕೇಡಿಯಾವನ್ನು ದುಃಖದಲ್ಲಿ ಕರಗಿಸಿದ, ಮತ್ಸರವನ್ನು ಸೇರಿಸಿದ. ಮುಂದೆ ಯುರೋಪಿನ ಚಿತ್ರ, ನಾಟಕ, ಕಾವ್ಯಗಳಲ್ಲೆಲ್ಲ ಮೆರೆದ ‘ಏಳು ಮಹಾಪಾಪಗಳು’ ಹುಟ್ಟಿದ್ದು ಹೀಗೆ. ಆಲೋಚನೆ ಪಾಪವಾಯಿತು. ಬಾಗಿಲು ತಟ್ಟಿದವನಿಗೂ ಮನೆಯೊಳಗೆ ಕೂತವನಿಗೂ ಇದ್ದ ಅಂತರ ಜನಸಾಮಾನ್ಯರ ಮನಸ್ಸಿನಲ್ಲಿ ಮಸುಕಾಯಿತು. ಈ ಬದಲಾವಣೆಯಲ್ಲಿ ಕಳೆದುಕೊಂಡದ್ದೇ ಹೆಚ್ಚು.

ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರು ಅವನ ಬರಹಗಳನ್ನು ಒಂದೊಂದಾಗಿ ಗುರುತಿಸಿದರು. ಅವರಲ್ಲಿ ಪ್ರಮುಖ ಫ್ರಾನ್ಸಿನ ಆಂತ್ವಾನ್ ಗಿಯೋಮೊ. ಸಿರಿಯಾಕ್ ಹಸ್ತಪ್ರತಿಗಳಿಂದ ಇವಾಗ್ರಿಯಸ್‌ನ ಕೃತಿಯನ್ನು ಸಂಪಾದಿಸಿದ ಈತನೇ 1964ರಲ್ಲಿ ಕೆಲ್ಲಿಯಾದ ಜಾಗವನ್ನೂ ಪತ್ತೆಹಚ್ಚಿದ. ಮರಳಿನ ಅಡಿಯಲ್ಲಿ ಸಾವಿರದ ಐನೂರರಷ್ಟು ಸನ್ಯಾಸಿ ನಿವಾಸಗಳ ಅವಶೇಷಗಳಿದ್ದವು. ನೀರಾವರಿ ಬಂದು ಮರುಭೂಮಿ ಹೊಲವಾಗತೊಡಗಿದ್ದರಿಂದ ಫ್ರೆಂಚ್ ಮತ್ತು ಸ್ವಿಸ್ ತಂಡಗಳು ಅವಸರದಲ್ಲಿ ಅಗೆದು ದಾಖಲಿಸಬೇಕಾಯಿತು. 1979ರಲ್ಲಿ ‘ಫಿಲೋಕಾಲಿಯಾ’ ಎಂಬ ಪ್ರಸಿದ್ಧ ಪ್ರಾರ್ಥನಾ ಸಂಕಲನದ ಮೊದಲ ಸಂಪುಟ ಇಂಗ್ಲಿಷಿನಲ್ಲಿ ಹೊರಬಂದಾಗ, ನೀಲಸ್‌ನ ಪಾಲಾಗಿದ್ದ ಆ ಹಳೆಯ ಪ್ರಾರ್ಥನೆಯ ಕೃತಿಯ ಮೇಲೆ ಇವಾಗ್ರಿಯಸ್‌ನ ಹೆಸರನ್ನೇ ಅಚ್ಚು ಹಾಕಲಾಯಿತು.